ಅಣ್ಣನ ಕೈಬರಹ

ರಟ್ಟು ಕಟ್ಟುವ ಅಂಗಡಿಯ ಮುದುಕನಿಗೆ ಬೀದಿಯವರು ಇಟ್ಟ ಅಡ್ಡಹೆಸರು ‘ಹ್ಞೂಂ ತಾತ’. ಹರಿದ ಪುಸ್ತಕ ಕೊಟ್ಟರೂ ಹ್ಞೂಂ, ನಾಳೆಗೇ ಬೇಕೆಂದು ಪೀಡಿಸಿದರೂ ಹ್ಞೂಂ. ಯುದ್ಧದ ಮಾತು ತೆಗೆದರೆ ಮಾತ್ರ ಅದೂ ಇಲ್ಲ. ಸೂಜಿಗೆ ದಾರ ಪೋಣಿಸುತ್ತ ಕೂತುಬಿಡುತ್ತಿದ್ದ.

ಇಪ್ಪತ್ತರ ವಯಸ್ಸಿನಲ್ಲಿ ಇದೇ ಅಂಗಡಿಯಿಂದ ಅವನನ್ನೂ ಅವನ ಅಣ್ಣನನ್ನೂ ಸೈನಿಕರು ಹಿಡಿದೊಯ್ದಿದ್ದರು. ಕೈಗೆ ಮೆತ್ತಿದ ಗೋಂದು ತೊಳೆಯಲೂ ಬಿಡದೆ ಲಾರಿ ಹತ್ತಿಸಿದ್ದರು. ಹದಿನಾಲ್ಕು ತಿಂಗಳ ಮೇಲೆ ಸೆರೆಶಿಬಿರದಿಂದ ಹಿಂದಿರುಗಿದವನು ಇವನೊಬ್ಬನೇ.

ಗ್ರಂಥಾಲಯದ ಹೆಂಗಸೊಬ್ಬಳು ಅಂಥ ಶಿಬಿರ ಕಂಡವರ ಮಾತು ರೆಕಾರ್ಡ್ ಮಾಡಿಕೊಳ್ಳುತ್ತಿದ್ದಳು. ಮೂರು ಸಲ ಬಂದು ಬರಿಗೈಯಲ್ಲಿ ಹೋದಳು. ನಾಲ್ಕನೆಯ ಸಲ ಅವನೇ, “ಭಾನುವಾರ ಬನ್ನಿ. ಅಣ್ಣನ ಮಗಳನ್ನೂ ಕರೀತೀನಿ. ಅವಳ ಮುಂದೇನೇ ಹೇಳ್ಬೇಕು” ಎಂದ. ಅತ್ತಿಗೆ ತೀರಿಕೊಂಡು ಆಗ ಎರಡು ತಿಂಗಳು. ಅವರಿರುವವರೆಗೆ ಬಾಯಿ ಬಿಡುವ ಧೈರ್ಯ ಅವನಿಗಿರಲಿಲ್ಲ.

ಐವತ್ತು ದಾಟಿದ ಆ ಮಗಳು, ಶಾಲೆಯ ಟೀಚರು, ಅಪ್ಪ ಶಿಬಿರದಿಂದ ಬರೆದ ಹನ್ನೊಂದು ಕಾಗದಗಳನ್ನೂ ತಂದಿದ್ದಳು. “ಇದರಲ್ಲೇ ನೋಡಿ ಅಪ್ಪ ನಂಗೆ ಹೆಸರಿಟ್ಟಿದ್ದು” ಎಂದು ಐದನೆಯದನ್ನು ಬಿಡಿಸಿ ಗ್ರಂಥಾಲಯದವಳಿಗೆ ತೋರಿಸಿದಳು. ಮುಟ್ಟಿ ಮುಟ್ಟಿ ಅದರ ಮಡಿಕೆಗಳು ಸವೆದಿದ್ದವು.

ರೆಕಾರ್ಡರ್ ಶುರುವಾಯಿತು. ಮುದುಕ ಕಾಗದಗಳನ್ನು ಒಂದೊಂದಾಗಿ ನೋಡಿ, ನಾಲ್ಕನ್ನು ಮೇಜಿನ ಆ ಕಡೆ ಸರಿಸಿದ.

“ಇವು ಅಣ್ಣನವು. ಉಳಿದ ಏಳೂ ನಾನು ಬರೆದಿದ್ದು.”

ಟೀಚರಿಗೆ ಅರ್ಥವಾಗಲಿಲ್ಲ. “ಅಪ್ಪ ಹೇಳಿ ಬರೆಸಿದ್ರಾ ಚಿಕ್ಕಪ್ಪ?”

“ಇಲ್ಲ ಪುಟ್ಟಿ. ಅವನು ಆಗ್ಲೇ ಹೋಗಿದ್ದ. ಜ್ವರ. ಮೂರೇ ದಿನ.” ಅವನು ಐದನೆಯ ಕಾಗದವನ್ನು ಹತ್ತಿರಕ್ಕೆ ಎಳೆದುಕೊಂಡ. “ಮಣ್ಣು ಮಾಡಿ ಒಂಬತ್ತನೇ ದಿನ ನಿಮ್ಮಮ್ಮನ ಕಾಗದ ಬಂತು. ಹೆಣ್ಣು ಮಗು ಹುಟ್ಟಿದೆ, ಹೆಸರು ನೀವೇ ಹೇಳಿ ಅಂತ. ಹಸಿ ಬಾಣಂತಿಗೆ ಏನಂತ ಬರೀಲಿ? ನಮ್ಮ ಶೆಡ್ಡಿನಲ್ಲಿ ಬರೆಯೋಕೆ ಬಾರದವರ ಕಾಗದವೆಲ್ಲ ನಾನೇ ಬರೀತಿದ್ದೆ, ಕಾವಲಿನವರು ಯಾರ ಹೆಸರು ಅಂತ ನೋಡ್ತಿರಲಿಲ್ಲ. ಅಣ್ಣನ ಅಕ್ಷರ ನಂಗೆ ಬರ್ತಿತ್ತು. ಒಂದೇ ಒಂದು ಅಂದ್ಕೊಂಡೆ. ಆಮೇಲೆ ನಿಲ್ಲಿಸೋಕೇ ಆಗ್ಲಿಲ್ಲ. ಬಿಡುಗಡೆಯಾಗಿ ಬಂದು, ಹೋದ ತಿಂಗಳು ತೀರಿಕೊಂಡ ಅಂತ ಸುಳ್ಳು ಹೇಳ್ದೆ.”

“ಅಂದ್ರೆ ನಾನು ಹುಟ್ಟಿದ್ದು ಅಪ್ಪನಿಗೆ ಗೊತ್ತೇ ಇಲ್ವಾ?”

“ಇಲ್ಲ.”

“ಹೆಸರು?”

ಅವನು ತಲೆ ತಗ್ಗಿಸಿದ. “ಪಕ್ಕದ ಹಾಸಿಗೆಯವನ ಮಗಳದು. ನಿದ್ದೇಲೂ ಕರೀತಿದ್ದ. ನಂಗೆ ಬೇರೆ ಯಾವುದೂ ತೋಚಲಿಲ್ಲ.”

ಅವಳು ನಾಲ್ಕು ಕಾಗದಗಳನ್ನಷ್ಟೇ ಎತ್ತಿಕೊಂಡು ಎದ್ದಳು. ಏಳನ್ನು ಅಲ್ಲೇ ಬಿಟ್ಟಳು. ಚಪ್ಪಲಿ ಮೆಟ್ಟಿಕೊಳ್ಳುವಾಗ ಗೋಡೆ ಹಿಡಿದುಕೊಂಡಳು, ಹಿಂದಿರುಗಿ ನೋಡಲಿಲ್ಲ.

“ಇದನ್ನ ಅಳಿಸಿಬಿಡ್ಲಾ?” ಎಂದು ಗ್ರಂಥಾಲಯದವಳು ಮೆಲ್ಲಗೆ ಕೇಳಿದಳು.

“ಬೇಡಮ್ಮ. ಅಣ್ಣ ಸತ್ತ ದಿನ ಎಲ್ಲಾದ್ರೂ ಸರಿಯಾಗಿ ಇರ್ಲಿ” ಎಂದು ಅವನು ತಾರೀಖು ಹೇಳಿದ. ಆ ತಾರೀಖನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

ಟೀಚರು ಒಂದು ತಿಂಗಳು ಆ ಬೀದಿಗೇ ಕಾಲಿಡಲಿಲ್ಲ. ಒಬ್ಬಳೇ ಗ್ರಂಥಾಲಯಕ್ಕೆ ಹೋಗಿ, ಬಾಗಿಲು ಹಾಕಿಕೊಂಡು, ರೆಕಾರ್ಡನ್ನು ಎರಡು ಸಲ ಕೇಳಿದಳಂತೆ. ಅದಾದ ಮೇಲೆ ಫೋನ್ ಮಾಡಿದಳು.

“ಸಿಟ್ಟಿಲ್ಲ ಚಿಕ್ಕಪ್ಪ. ಅಮ್ಮ ಉಳಿದಿದ್ದು ಆ ಕಾಗದಗಳಿಂದ್ಲೇ, ಗೊತ್ತು. ಆದ್ರೆ ನಾನು ಇಷ್ಟು ವರ್ಷ ಅಪ್ಪನ ಜೊತೆ ಮಾತಾಡ್ತಿದ್ದೆ, ದಿನಾ. ಈಗ ಯಾರ ಜೊತೆ ಮಾತಾಡ್ಲಿ?”

ಆ ಕಡೆ ಅವಳು ಬಿಕ್ಕುವುದು ಕೇಳಿಸುತ್ತಿತ್ತು. ಅವಳೇ ಇಡುವವರೆಗೆ ಅವನು ಫೋನನ್ನು ಕಿವಿಗೊತ್ತಿಕೊಂಡು ನಿಂತಿದ್ದ.