ಮರ ಬದಲಾದ ಸಂಜೆ

ಗಂಗವ್ವ, ನಿನ್ನ ಗಂಡ ಗುರಸಿದ್ದನಿಗೆ ನಾನು ಹೇಳಿರಲಿಲ್ಲ. ಹೇಳಿದ್ದೆ ಎಂದು ಪೊಲೀಸರ ಮುಂದೆ ಅಂದೆ, ನಮ್ಮ ಜನರ ಮುಂದೆ ಅಂದೆ, ನಿನ್ನ ಮುಂದೆಯೂ ಅಂದೆ. ಅದು ಸುಳ್ಳು.

ಗುರಸಿದ್ದ ಮತ್ತು ನಾನು ಧಾರವಾಡದ ಕಡೆಯಿಂದ ಒಂದೇ ಗಾಡಿಯಲ್ಲಿ ಪುಣೆಗೆ ಬಂದವರು. ದಂಡಿನವರು ಇರುವ ಲಷ್ಕರ ಪೇಟೆಯ ಬೆತ್ತದ ಕುರ್ಚಿ ಅಂಗಡಿಯಲ್ಲಿ ಎದುರುಬದುರು ಕೂತು ಹೆಣೆಯುತ್ತಿದ್ದೆವು. ಅಲ್ಲಿಗೇ ಒಂದು ದಿನ ದಂಡಿನ ಸಾಹೇಬ ಬಂದ. ಬೇಟೆಗೆ ಮರದ ಮೇಲೆ ಕಟ್ಟುವ ಮಚಾನಿಗೆ ಒಂದು ಮರೆ ಬೇಕಿತ್ತು ಅವನಿಗೆ. ಒಬ್ಬನೇ ಹೆಗಲ ಮೇಲೆ ಹೊತ್ತು ಹೋಗುವಷ್ಟು ಹಗುರ ಇರಬೇಕು, ಒಳಗೆ ಕೂತವರು ಕಾಣಬಾರದು.

ಸೀಳು ಬಿದಿರನ್ನು ಬಿಸಿ ಮಾಡಿ ಬಾಗಿಸಿದೆ. ಮೂಲೆಗಳಿಗೆ ಬೆತ್ತ ಸುತ್ತಿದೆ. ಸೊಪ್ಪು ಸಿಕ್ಕಿಸಲು ನಡುವೆ ಸಡಿಲ ಹೆಣಿಗೆ ಬಿಟ್ಟೆ. ಗುರಸಿದ್ದ ಅದನ್ನು ಒಂದೇ ಕೈಯಲ್ಲಿ ಎತ್ತಿ ನಕ್ಕ. "ಗೀಜಗ ಗೂಡ ಹೆಣದಂಗ ಹೆಣದೀಯಲ್ಲೋ ಮಲ್ಲಪ್ಪ!"

ಮುಳಶಿಯ ಆಚೆಯ ಗುಡ್ಡದಲ್ಲಿ ಚಿರತೆಯೊಂದು ಕರುವನ್ನು ಕೊಂದು ಹಳ್ಳದ ದಂಡೆಯಲ್ಲಿ ಬಿಟ್ಟಿತ್ತು. ಮರೆ ಕಟ್ಟಿಕೊಡಲೆಂದು ಸಾಹೇಬ ನಮ್ಮಿಬ್ಬರನ್ನೂ ಅಲ್ಲಿಗೆ ಕರೆದೊಯ್ದ. ಕಾಲುದಾರಿಯ ಪಕ್ಕದ ಮಾವಿನ ಮರಕ್ಕೆ ಮರೆ ಕಟ್ಟಿದೆವು. ಇನ್ನಷ್ಟು ಹಗ್ಗ ಬೇಕೆಂದು ಗುರಸಿದ್ದ ಕೆಳಗಿನ ವಾಡಿಯ ನಾಲ್ಕು ಮನೆಗಳ ಕಡೆ ಹೋದ. ಅವನು ಅತ್ತ ಹೋಗುತ್ತಲೇ ಗಾಳಿ ತಿರುಗಿತು. ನಮ್ಮ ವಾಸನೆ ಚಿರತೆಗೆ ಹೊಡೆಯುತ್ತದೆ, ಮರ ಬದಲಿಸೋಣ ಎಂದ ಸಾಹೇಬ — ನಿನ್ನ ಜೊತೆಗಾರನಿಗೆ ಹೇಳಿ ಬಾ, ಈ ಕಡೆ ಬರುವುದು ಬೇಡ ಎಂದೂ ಹೇಳಿದ.

ಹೇಳಲು ಹೊತ್ತಿತ್ತು, ಗಂಗವ್ವ. ದಾರಿಗೆ ಇಳಿದು ನಿಂತಿದ್ದರೆ ಸಾಕಿತ್ತು. ಆದರೆ ನಾನು ಮರೆಯನ್ನು ಹಳ್ಳದ ಆಚೆಯ ಮರಕ್ಕೆ ಹೊತ್ತೊಯ್ದು ಕಟ್ಟಿದೆ, ಸೊಪ್ಪು ಸಿಕ್ಕಿಸಿದೆ, ಕೆಳಗಿಳಿದು ನೋಡಿದೆ, ಮತ್ತೆ ಹತ್ತಿ ಒಂದು ಟೊಂಗೆ ಸರಿಪಡಿಸಿದೆ. ಸಾಹೇಬ ಕೆಳಗೆ ನಿಂತು ತಲೆದೂಗುತ್ತಿದ್ದ. ಆ ಹೊಗಳಿಕೆ ಬಿಟ್ಟು ಹೋಗಲು — ನನಗೆ ಮನಸ್ಸಾಗಲಿಲ್ಲ. ಆಮೇಲೆ ಹೋದರಾಯಿತು ಅಂದುಕೊಂಡೆ. ಅಷ್ಟರಲ್ಲಿ ಸಾಹೇಬ ಮೇಲೆ ಹತ್ತಿ ಬಂದ, ತುಟಿಯ ಮೇಲೆ ಬೆರಳಿಟ್ಟ.

ಹೊತ್ತು ಮುಳುಗುತ್ತಿತ್ತು. ಕರು ಬಿದ್ದಿದ್ದ ಕಡೆ ಪೊದೆ ಅಲುಗಿತು. ಸಾಹೇಬ ಬಂದೂಕು ಎತ್ತಿದ. ಮಾವಿನ ಮರದಲ್ಲಿ ನಮ್ಮನ್ನು ಕಾಣದೆ ಗುರಸಿದ್ದನೇ ಹುಡುಕುತ್ತಾ ಬಂದಿರಬಹುದೇ — ಆ ಯೋಚನೆ ನನಗೆ ಬಂತು. ಬಂದಿತ್ತು, ಗಂಗವ್ವ. ಬಾಯಿ ತೆರೆದೆ. ಚಿರತೆ ಓಡಿಹೋದರೆ ಸಾಹೇಬ ಏನೆಂದಾನು ಎಂದು —

ಗುಂಡು ಹಾರಿತು.

ನಾವು ಓಡಿ ಹೋದಾಗ ಅವನು ಹಗ್ಗದ ಸುರುಳಿಯ ಮೇಲೆ ಬಿದ್ದಿದ್ದ. ಕಣ್ಣುಗಳು ತೆರೆದೇ ಇದ್ದವು. ಸಾಹೇಬ ನನ್ನ ತೋಳು ಹಿಡಿದ. "ಉಸ್ಕೋ ಬೋಲಾ ಥಾ?" ಅವನಿಗೆ ಹೇಳಿದ್ದೆಯಾ ಎಂದು.

"ಹೇಳಿದ್ದೆ" ಎಂದೆ.

ಆಮೇಲೆ ಎಲ್ಲರೂ ಅದನ್ನೇ ನಂಬಿದರು. ನೀನೊಬ್ಬಳೇ ಮಗಳ ತೊಟ್ಟಿಲ ಹಗ್ಗ ಹಿಡಿದುಕೊಂಡು ನನ್ನ ಮುಖ ನೋಡಿದೆ. "ಹೇಳಿದ್ರ ಕೇಳದವರಲ್ಲ ಅವರು. ಖರೇನ ಹೇಳಿದ್ರೇನು, ಮಲ್ಲಣ್ಣ?" ನಾನು ಹೌದೆಂದು ತಲೆಯಾಡಿಸಿದೆ. ಅವತ್ತಿನಿಂದ ನೀನು ಅವನಿಗಾಗಿ ಅಳುವುದನ್ನು ಬಿಟ್ಟು ಅವನ ಮೇಲೆ ಸಿಟ್ಟಾದೆ.

ಈಗಲೂ ಗಾಳಿಗೆ ಗಿಡ ಅಲುಗಿದರೆ ನಾನು ನಿಂತಲ್ಲೇ ನಿಲ್ಲುತ್ತೇನೆ. ಅವನ ಹೆಸರು ಬಾಯಿಗೆ ಬರುತ್ತದೆ. ಎಷ್ಟೋ ಸಲ ಕೂಗಿದ್ದೇನೆ. ರಸ್ತೆಯಲ್ಲಿ ಜನ ತಿರುಗಿ ನೋಡುತ್ತಾರೆ.

ಮೊನ್ನೆ ನಿನ್ನ ಮಗಳಿಗೆ ಗಂಡು ಗೊತ್ತಾದ ಸುದ್ದಿ ಕೇಳಿ ನಿಮ್ಮ ಮನೆಗೆ ಬಂದಿದ್ದೆ. ನೀನು ಅವಳಿಗೆ ಬುದ್ಧಿ ಹೇಳುತ್ತಿದ್ದೆ. "ನಿಮ್ಮಪ್ಪನಂಗ ಆಗಬ್ಯಾಡ. ಹೇಳಿದ ಮಾತು ಕೇಳಲಿಲ್ಲ, ಜೀವಾ ಕಳಕೊಂಡ." ಆ ಹುಡುಗಿ ತಲೆ ತಗ್ಗಿಸಿ "ಹೂಂ ಅವ್ವಾ" ಅಂದಳು. ಅಪ್ಪನ ಮುಖ ನೆನಪಿಲ್ಲ ಅವಳಿಗೆ. ನನ್ನ ಸುಳ್ಳನ್ನೇ ಅಪ್ಪ ಎಂದುಕೊಂಡು ಬೆಳೆದಿದ್ದಾಳೆ.

ನಾಳೆ ಮುಂಜಾನೆ ಬರುತ್ತೇನೆ. ಇದನ್ನೆಲ್ಲ ನಿನ್ನೆದುರು ಬಾಯಿಬಿಟ್ಟು ಹೇಳುತ್ತೇನೆ. ಮಗಳೂ ಇರಲಿ. ಬೀಗರಾಗುವವರು ಬಂದಿದ್ದರೆ ಅವರೂ ಕೇಳಲಿ. ಬಂದವರಿಗೆ ಬೆಲ್ಲ-ನೀರು ಕೊಡದೆ ಮಾತಾಡಿಸುವವಳಲ್ಲ ನೀನು. ನಾಳೆ ನನಗೆ ಕೊಡಬೇಡ.