ನೆಲದ ಮೇಲಿನ ಹೆಸರು

ಬೆಳಗ್ಗೆ ಹಾಸಿಗೆಯಿಂದ ಇಳಿಯುವ ಮೊದಲು ಬಾಗಿ ನೆಲ ಮುಟ್ಟಿ, ಕಣ್ಣಿಗೊತ್ತಿಕೊಂಡು, ಭೂದೇವಿಯ ಕ್ಷಮೆ ಕೇಳಿ ಪಾದವೂರುವುದು ನನಗೆ ಉಪನಯನದಷ್ಟೇ ಹಳೆಯ ಅಭ್ಯಾಸ. ಆದರೆ ಅಮೆರಿಕದ ಶೋರ್‌ಲೈನ್ ಊರಿನ ಈ ಮನೆಯಲ್ಲಿ ನನ್ನ ಕೋಣೆ ಮಹಡಿಯ ಮೇಲಿದೆ. ಭೂಮಿಗೂ ನನಗೂ ನಡುವೆ ಕಾರ್ಪೆಟ್ಟು, ಹಲಗೆ, ಅದರ ಕೆಳಗಿನ ಗ್ಯಾರೇಜಿನಲ್ಲಿ ಮಗಳ ಕಾರು. ನನ್ನ ಕ್ಷಮಾಯಾಚನೆಯನ್ನು ದಾರಿಯಲ್ಲಿ ಆ ಕಾರೇ ಸ್ವೀಕರಿಸಿಬಿಡುತ್ತಿದೆಯೇನೋ ಎಂಬ ಸಂಶಯ ಬಹಳ ದಿನ ಕಾಡಿತ್ತು. ನಗಬೇಡಿ, ಸಂಸ್ಕೃತದ ಮೇಷ್ಟರಿಗೆ ನಿವೃತ್ತಿಯ ನಂತರ ಉಳಿಯುವ ಸಂಶಯಗಳು ಇಂಥವೇ.

ಪಾದದ ವಿಷಯದಲ್ಲಿ ಇಷ್ಟು ಸೂಕ್ಷ್ಮನಾದ ನನಗೆ, ಮೊಮ್ಮಗಳು ಮೈತ್ರೇಯಿ ತಂದ ಸುದ್ದಿ ಸಹಿಸಲಾಗಲಿಲ್ಲ. ಅವಳು ತನ್ನ ಕಾಲೇಜಿನ ಬ್ಯಾಸ್ಕೆಟ್‌ಬಾಲ್ ತಂಡದ ನಾಯಕಿ. ಅವಳ ಕೋಚ್ ಹ್ಯಾಂಕ್ ನಮ್ಮ ಬೀದಿಯವರೇ. ಶರದೃತುವಿನಲ್ಲಿ ಹುಡುಗರಿಗೆ ಫುಟ್‌ಬಾಲ್, ಹೇಮಂತದಲ್ಲಿ ಹುಡುಗಿಯರಿಗೆ ಬ್ಯಾಸ್ಕೆಟ್‌ಬಾಲ್ ಎಂದು, ಮೂರು ದಶಕ ಋತುಧರ್ಮ ತಪ್ಪದೆ ಕಲಿಸಿದ ಮಹಾನುಭಾವರು. ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡುವ ಆಟಕ್ಕೆ ಪಾದದ ಹೆಸರೇಕೆಂಬುದನ್ನು ಮಾತ್ರ ಅವರೂ ನನಗೆ ವಿವರಿಸಲಾರದೆ ಹೋದರು. ಅವರ ನಿವೃತ್ತಿಯ ಗೌರವಾರ್ಥ, ಆಟದ ಅಂಕಣದ ನಟ್ಟನಡುವೆ, ನೆಲದ ಮೇಲೆ ಅವರ ಹೆಸರು ಬರೆಸುತ್ತಾರಂತೆ!

“ಗುರುಗಳ ಹೆಸರು ತುಳೀತೀರಾ? ಗೋಡೆ ಮೇಲೆ ಬರೆಸ್ಲಿ. ನಾನೇ ಹೋಗಿ ಹೇಳ್ತೀನಿ,” ಎಂದೆ.

“ತಾತ, ನೋ! ಇಟ್ಸ್ ದ ಬಿಗ್ಗೆಸ್ಟ್ ಆನರ್!” ಮೈತ್ರೇಯಿಯ ಕಣ್ಣು ತುಂಬಿತು.

“ಅಪ್ಪಾ, ಸುಮ್ನಿರಿ,” ಎಂದಳು ಮಗಳು. “ನೀವು ಹೇಳಿದ್ರೆ ಅವ್ರು ನಿಜವಾಗ್ಲೂ ಕ್ಯಾನ್ಸಲ್ ಮಾಡಿಸ್ಬಿಡ್ತಾರೆ. ನಿಮ್ಮ ಮೇಲೆ ಅಷ್ಟು ಗೌರವ ಅವ್ರಿಗೆ.”

ಆದರೂ ಹೋದೆ. ಅಂಗಳದ ಎಲೆ ಗುಡಿಸುತ್ತಿದ್ದ ಹ್ಯಾಂಕ್, ಪೊರಕೆ ಕೆಳಗಿಟ್ಟು ನನ್ನ ಆಕ್ಷೇಪವನ್ನು ಪೂರ್ತಿ ಕೇಳಿದರು.

“ಪ್ರೊಫೆಸರ್, ನನ್ನ ಕೆಲಸವೆಲ್ಲ ನಡೆದದ್ದು ನೆಲದ ಮೇಲೆ. ಮಕ್ಕಳು ಬಿದ್ದದ್ದು ಅಲ್ಲೇ, ಎದ್ದದ್ದೂ ಅಲ್ಲೇ. ಅವರು ಕಾಲೂರುವ ಕಡೆ ನಾನಿದ್ದರೆ ಸಾಕು,” ಎಂದರು ತಮ್ಮ ಇಂಗ್ಲಿಷಿನಲ್ಲಿ. “ಆದರೆ ಮೈತ್ರೇಯಿಗೆ ಅದರಿಂದ ದೋಷ ಬರುತ್ತದೆ ಅಂತ ನೀವು ಹೇಳಿದರೆ, ಇವತ್ತೇ ಬೇಡ ಅಂತೀನಿ.”

ಅವರ ಮೂರು ದಶಕಗಳ ಸಾರ್ಥಕ್ಯ ನನ್ನ ನಾಲಿಗೆಯ ತುದಿಯಲ್ಲಿ ನಿಂತಿತ್ತು. ನಾನು ಪಾಠ ಹೇಳಿದ ಕಾಲೇಜಿನ ಫಲಕದಲ್ಲಿ ನನ್ನ ಹೆಸರೂ ಇದೆ. ಯಾರ ಕಾಲೂ ತಾಗದಷ್ಟು ಎತ್ತರದಲ್ಲಿ, ಯಾರ ಕಣ್ಣೂ ತಾಗದ ಹಾಗೆ, ಗಡಿಯಾರದ ಹಿಂದೆ.

“ಬೇಡ ಅನ್ನಬೇಡಿ,” ಎಂದು ಹೇಳಿ ಹಿಂದಿರುಗಿದೆ.

ಸಮಾರಂಭದ ದಿನ ಅಂಕಣದ ಸುತ್ತ ಅವರ ಹಳೆಯ ಶಿಷ್ಯರು ನೆರೆದಿದ್ದರು. ಹೊದಿಕೆ ಸರಿಯಿತು, ಹೆಸರು ಹೊಳೆಯಿತು. ತಂಡವನ್ನು ಮುನ್ನಡೆಸುತ್ತ ಓಡಿಬಂದ ಮೈತ್ರೇಯಿ ಮೊದಲ ಅಕ್ಷರದ ಅಂಚಿನಲ್ಲಿ ಥಟ್ಟನೆ ನಿಂತಳು. ಅವಳು ಬಾಗಿ, ಬಲಗೈಯಿಂದ ಹೆಸರನ್ನು ಮುಟ್ಟಿ, ಕಣ್ಣಿಗೊತ್ತಿಕೊಂಡು, ಆಮೇಲೆ ಹೆಜ್ಜೆಯಿಟ್ಟಳು. ನಾನು ಹೇಳಿಕೊಟ್ಟದ್ದಲ್ಲ, ಎಳವೆಯಲ್ಲಿ ನನ್ನ ಹಾಸಿಗೆಯ ಪಕ್ಕದಲ್ಲಿ ನಿಂತು ಎಷ್ಟೋ ಬೆಳಗು ನೋಡಿದ್ದಳು, ಅಷ್ಟೆ. ಅವಳ ಹಿಂದೆ ತಂಡದ ಹುಡುಗಿಯರೆಲ್ಲ ಬಾಗಿದರು. ಅನಂತರ, ತಲೆ ನರೆತ ಫುಟ್‌ಬಾಲ್ ಭೀಮಸೇನರು ಒಬ್ಬೊಬ್ಬರಾಗಿ ಇಳಿದುಬಂದು, ಮಂಡಿ ಹಿಡಿದುಕೊಂಡು ಬಾಗಿದರು. ಹ್ಯಾಂಕ್ ಎದೆಯ ಮೇಲೆ ಕೈಯಿಟ್ಟು ನಿಂತುಬಿಟ್ಟರು. ನಾನು ಕನ್ನಡಕ ಒರೆಸಿದ್ದೇ ಒರೆಸಿದ್ದು.

ಈಗಲೂ ಬೆಳಗ್ಗೆ ಕ್ಷಮೆ ಕೇಳಿಯೇ ಪಾದವೂರುತ್ತೇನೆ. ಕೆಳಗೆ ಕಾರ್ಪೆಟ್ಟಿದೆ, ಹಲಗೆಯಿದೆ, ಕಾರೂ ಇದೆ. ತಲುಪೀತೋ ಇಲ್ಲವೋ ಎಂಬ ಸಂಶಯ ಮಾತ್ರ ಇಲ್ಲ. ತಲುಪಿದ್ದನ್ನು ಕಣ್ಣಾರೆ ಕಂಡಿದ್ದೇನೆ.