ಹಣ್ಣಿನ ಬಿಯರಿನ ಜ್ಞಾನಪ್ಪನವರು

ಜ್ಞಾನಪ್ಪನವರಷ್ಟು ಜಂಬದ ನಾಲಿಗೆ ನಾನು ಇನ್ನೊಂದು ನೋಡಿಲ್ಲ, ಅದಕ್ಕೇ ಅವರ ವಿಷಯ ಹೇಳಲೇಬೇಕು. ಗೋಕುಲಂ ಬಡಾವಣೆಯಲ್ಲಿ ನಾನು ನಲ್ಲಿಯಿಂದ ಬಿಯರ್ ಹಿಡಿದುಕೊಡುವ ಪಬ್ಬಿಗೆ ಶನಿವಾರ ಸಂಜೆ ಬರುತ್ತಾರೆ. ಒಂದೊಂದು ಹಣ್ಣಿನ ಬಿಯರನ್ನೂ ರುಚಿ ನೋಡಲೆಂದು ಪುಟ್ಟ ಲೋಟದಲ್ಲಿ ಬಿಟ್ಟಿ ಕೇಳುತ್ತಾರೆ. ಬೋರ್ಡಿನಲ್ಲಿ ಹಣ್ಣಿನ ಹೆಸರು ಓದಿಕೊಂಡು, ಲೋಟದೊಳಗೆ ಮೂಗು ಇಟ್ಟು, ಕಣ್ಣು ಮುಚ್ಚಿ, ಪಕ್ಕದ ಮೇಜಿನವರಿಗೆ ಪಾಠ ಶುರುಮಾಡುತ್ತಾರೆ: "ನೇರಳೆ ಕಣ್ರೀ! ಮೊದ್ಲು ಒಗರು, ಆಮೇಲೆ ಸಿಹಿ. ನಿಮಗೆಲ್ಲ ಎಲ್ಲಿ ಗೊತ್ತಾಯ್ತದೆ!" ಮೊನ್ನೆ ನಾನು ನಲ್ಲಿ ತಪ್ಪಿ, ಸೀಬೆಯ ಬದಲು ಹಲಸಿನದು ಕೊಟ್ಟುಬಿಟ್ಟೆ. ಬಾಗಿಲಲ್ಲಿದ್ದವರಿಗೂ ಹಲಸು ಗಮ್ಮೆನ್ನುತ್ತಿತ್ತು. ಇವರು ಮಾತ್ರ, "ಆಹಾ, ಸೀಬೆ ಅಂದ್ರೆ ಇದಪ್ಪಾ!" ಅಂದರು. ಅಕ್ಕಪಕ್ಕದವರೆಲ್ಲ ನಕ್ಕರು, ನಾನೂ ನಕ್ಕೆ. "ಸಾರ್, ಅದು ಹಲಸಿಂದು" ಅಂದೆ. ಅವರ ಮುಖ ಸಣ್ಣದಾಯಿತು. ಹತ್ತಿರ ಕರೆದು ಮೆಲ್ಲಗೆ ಹೇಳಿದರು: "ಕೊರೊನಾ ಬಂದು ಹೋದಾಗಿಂದ ಮೂಗಿಗೂ ನಾಲಿಗೆಗೂ ಏನೂ ಗೊತ್ತಾಗಲ್ಲ ಕಣಪ್ಪ. ಹೆಂಡ್ತಿ ಮಾಡೋ ಸಾರೂ ಬಿಸಿನೀರೇ. ಯಾವ್ದಾದ್ರೂ ಒಂದ್ ಹಣ್ಣಿನ ರುಚಿ ನಾಲಿಗೆಗೆ ತಾಗ್ಬುಡ್ಲಿ ಅಂತ ಬತ್ತೀನಿ." ನೀವೂ ಒಂದು ಶನಿವಾರ ಬಂದು ಅವರ ಪಕ್ಕ ಕೂತುಕೊಳ್ಳಿ. ತಲೆ ತಿನ್ನುತ್ತಾರೆ, ಆದರೂ ಎದ್ದುಹೋಗಬೇಡಿ. ಯಾವುದಾದರೂ ಹಣ್ಣು ತಾಗಿದ ಹೊತ್ತಿಗೆ ಹೇಳಿಕೊಳ್ಳಲು ಅವರಿಗೆ ಒಬ್ಬರಾದರೂ ಬೇಕು.